ಟರ್ಬೊ ಕಾರು ಘಾಟಿಯಲ್ಲಿ ಏದುಸಿರು ಬಿಟ್ಟಿದ್ದೇಕೆ?

ದೊಡ್ಡ ಪಂಪ್ ಕೊಳ್ಳುವ ಮುನ್ನ ವೈರ್ ನೋಡಿ. ನೀಲಗಿರಿಯ ತಿರುವುಗಳು ಕಲಿಸಿದ ಪಾಠ

ಮಸಿನಗುಡಿ: ಸಂಜೆ ಐದೂವರೆ. ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಲ್ಲಿ ಅರ್ಧದಷ್ಟು ಏರಿಯಾಗಿತ್ತು. ಮಂಜು ಇಳಿಯತೊಡಗಿತ್ತು. ಹೆಡ್‌ಲೈಟ್, ವೈಪರ್, ಗಾಜಿನ ಮಂಜು ಒರೆಸುವ ಬ್ಲೋಯರ್ ಎಲ್ಲ ಚಾಲೂ. ಆಗಲೇ ಕಾರು ಕೆಮ್ಮಿತು. ಆಕ್ಸಿಲರೇಟರ್ ಒತ್ತಿದಷ್ಟೂ ಎಳೆಯುವ ಬದಲು ಹಿಂದೆ ಹಿಡಿದಂತೆ ಜಗ್ಗಿತು. ಮುಂದಿನ ತಿರುವಿನಲ್ಲಿ ಗಾಡಿ ಬಂದ್ ಬಿತ್ತು!

ಕಾರು ನನ್ನ ಷಡ್ಡಕನದು. ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ಅತ್ತೆ. ಹೃದಯದ ಆಪರೇಷನ್ ಆದವರು. ತಿಂಗಳಿಗೊಮ್ಮೆ ಮೈಸೂರಿಗೆ ತಪಾಸಣೆಗೆ ಹೋಗಿ ಊಟಿಗೆ ಮರಳುವುದು ಅವರ ರೂಢಿ. ಮೊಬೈಲಿಗೆ ಸಿಗ್ನಲ್ ಇಲ್ಲ. ರಸ್ತೆ ಬದಿಯಲ್ಲಿ ಆನೆಯ ಹಸಿ ಲದ್ದಿ. ಹತ್ತು ನಿಮಿಷ ಕೂತು ಕೀ ತಿರುಗಿಸಿದರೆ, ಏನೂ ಆಗದವರಂತೆ ಎಂಜಿನ್ ಸ್ಟಾರ್ಟ್ ಆಯಿತು. ನಡೆಯುವ ವೇಗದಲ್ಲಿ ಊರು ಮುಟ್ಟಿದೆವು.

ಗುಂಡ್ಲುಪೇಟೆ, ಮಸಿನಗುಡಿ, ಗೂಡಲೂರು, ಊಟಿ ಎಂದು ಗಡಿಯ ಎರಡೂ ಕಡೆ ನೆಂಟಸ್ತನ ಇಟ್ಟುಕೊಂಡವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಮದುವೆ, ಆಸ್ಪತ್ರೆ, ಕಾಲೇಜು ಎಲ್ಲದಕ್ಕೂ ಮೈಸೂರೇ ಹತ್ತಿರ. ಆದರೆ 2009ರಿಂದ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ದಾರಿಯಲ್ಲಿ ಗಾಡಿ ಒಂದು ಗಂಟೆ ಕೈಕೊಟ್ಟರೆ ಆ ರಾತ್ರಿ ಗೇಟಿನ ಆಚೆಯೇ ಕಳೆಯಬೇಕು. ಕಾಯಿಲೆಯವರು ಜೊತೆಗಿದ್ದರೆ ಹೇಳುವುದೇ ಬೇಡ.

ಹಾಗಾಗಿ ಒಂದು ಸಣ್ಣ ಮೋಟಾರಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಇದು ಬಂಕ್ ಅಲ್ಲ!

ಬೆಳಗಾವಿ ಕಡೆ, ಮರಾಠಿ ಮಂದಿಯ ಬಾಯಲ್ಲಿ ‘ಪೆಟ್ರೋಲ್ ಪಂಪ್’ ಎಂದರೆ ಪೆಟ್ರೋಲ್ ಹಾಕಿಸುವ ಜಾಗ. ಈ ಕಡೆ ಅದನ್ನು ಬಂಕ್ ಅನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಕಾರಿನ ಟ್ಯಾಂಕಿನೊಳಗೇ ಮುಳುಗಿ ಕೂತಿರುವ ಪಂಪಿನ ವಿಷಯ. ಮುಷ್ಟಿಯಷ್ಟು ದಪ್ಪದ ಒಂದು ವಿದ್ಯುತ್ ಮೋಟಾರು. ಹೆಚ್ಚಿನ ಕಾರುಗಳಲ್ಲಿ ಹಿಂದಿನ ಸೀಟು ಎತ್ತಿದರೆ ಅದರ ಮುಚ್ಚಳ ಕಾಣುತ್ತದೆ. ಕೀ ಆನ್ ಮಾಡಿದ ತಕ್ಷಣ ಹಿಂದಿನಿಂದ ಎರಡು ಮೂರು ಸೆಕೆಂಡ್ ‘ಝುಂಯ್’ ಎನ್ನುವ ಸದ್ದು ಬರುವುದು ಅದರದೇ.

ಹಳೆಯ ಲಾರಿ ಡ್ರೈವರುಗಳಿಗೆ ಪಂಪ್ ಎಂದರೆ ಮೈಕೊ ಪಂಪ್. ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಇದ್ದ ಆ ಮೈಕೊ 2008ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರು ತಾಳಿತು. ಆ ಡೀಸೆಲ್ ಪಂಪನ್ನು ಎಂಜಿನ್ನೇ ತಿರುಗಿಸುತ್ತಿತ್ತು. ಬ್ಯಾಟರಿ, ವೈರ್ ಯಾವುದರ ಹಂಗೂ ಅದಕ್ಕಿರಲಿಲ್ಲ. ಪೆಟ್ರೋಲ್ ಕಾರಿಗೆ ಇಂಜೆಕ್ಷನ್ ಬಂದ ಮೇಲೆ ಟ್ಯಾಂಕಿನ ಮೋಟಾರು ಬಂತು. ಮೋಟಾರಿನ ಜೊತೆಗೆ ವೋಲ್ಟೇಜಿನ ಚಿಂತೆಯೂ ಬಂತು.

ಲೋ ವೋಲ್ಟೇಜ್ ಬಂದರೆ ತೋಟದ ಪಂಪ್‌ಸೆಟ್ ಏನು ಮಾಡುತ್ತದೆ? ತಿರುಗುತ್ತದೆ, ಸದ್ದೂ ಮಾಡುತ್ತದೆ, ಆದರೆ ಪೈಪಿನ ಬಾಯಲ್ಲಿ ನೀರು ಮಾತ್ರ ಸಣ್ಣಗೆ. ಕಾರಿನೊಳಗೂ ಅದೇ ಕಥೆ. ಎಂಜಿನ್ ಓಡುವಾಗ ಬ್ಯಾಟರಿಯ ಬಳಿ ಸುಮಾರು 14 ವೋಲ್ಟ್ ಇರುತ್ತದೆ. ಪಂಪಿಗೆ ತಲುಪುವುದು 12 ಆದರೆ, ಪೆಟ್ರೋಲಿನ ಹರಿವು ಸುಮಾರು ಆರರಲ್ಲಿ ಒಂದು ಪಾಲು ಖೋತಾ. ಇನ್ನೂ ಇಳಿದರೆ ಖೋತಾ ಇನ್ನೂ ಹೆಚ್ಚು.

ಎತ್ತರಕ್ಕೆ ಹೋದಂತೆ ಹೊರೆ

ಟರ್ಬೊ ಇಲ್ಲದ ಕಾರಿಗೆ ಘಾಟಿ ಏರಿದಂತೆ ಗಾಳಿ ತೆಳುವಾಗುತ್ತದೆ, ಶಕ್ತಿ ಕುಗ್ಗುತ್ತದೆ, ಪೆಟ್ರೋಲೂ ಅಷ್ಟಕ್ಕಷ್ಟೇ ಸಾಕು. ಊಟಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರ ದಡದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು, ಅಷ್ಟೇ.

ಟರ್ಬೊ ಕಾರು ಹಾಗಲ್ಲ. ಹೊಗೆಯ ರಭಸದಿಂದ ತಿರುಗುವ ಫ್ಯಾನು ತೆಳು ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೊರಗೆ ಗಾಳಿ ಕಮ್ಮಿಯಾದರೂ ಒಳಗಿನ ಒತ್ತಡವನ್ನು ಆದಷ್ಟು ಹಾಗೇ ಹಿಡಿಯಲು ಕಾರಿನ ಕಂಪ್ಯೂಟರ್ ನೋಡುತ್ತದೆ. ಅಂದರೆ ಎತ್ತರದಲ್ಲೂ ಅದಕ್ಕೆ ಹೆಚ್ಚುಕಮ್ಮಿ ಪೂರ್ತಿ ಪೆಟ್ರೋಲ್ ಬೇಕು.

ಇಲ್ಲಿ ಇನ್ನೊಂದು ಲೆಕ್ಕವಿದೆ. ಈ ಬಗೆಯ ಹಲವು ಎಂಜಿನ್‌ಗಳಲ್ಲಿ ಪೆಟ್ರೋಲಿನ ಒತ್ತಡ ಎಂಜಿನ್ನಿನೊಳಗಿನ ಗಾಳಿಯ ಒತ್ತಡಕ್ಕಿಂತ ಯಾವಾಗಲೂ 3 ಬಾರ್ ಮೇಲಿರಬೇಕು. ಬಯಲಿನಲ್ಲಿ ಟರ್ಬೊ 0.8 ಬಾರ್ ಒತ್ತಿದರೆ ಪಂಪ್ 3.8 ಬಾರಿಗೆ ತಳ್ಳಬೇಕು. ಊಟಿಯ ಹತ್ತಿರ ಹೊರಗಿನ ಗಾಳಿ ಸುಮಾರು 0.2 ಬಾರ್ ಇಳಿದಿರುತ್ತದೆ. ಒಳಗೆ ಅಷ್ಟೇ ಗಾಳಿ ಬೇಕೆಂದರೆ ಟರ್ಬೊ 1 ಬಾರ್ ಒತ್ತಬೇಕು, ಪಂಪ್ 4 ಬಾರಿಗೆ ತಳ್ಳಬೇಕು. ಒತ್ತಡ ಹೆಚ್ಚಿದಂತೆ ಪಂಪಿನ ಹರಿವು ಇಳಿಯುತ್ತದೆ, ಅದು ಎಳೆಯುವ ಕರೆಂಟ್ ಏರುತ್ತದೆ. ಘಾಟಿಯಲ್ಲಿ ಒಂದನೇ ಗೇರಿನಲ್ಲಿ ತೆವಳುವಾಗ ಎಂಜಿನ್ ಬೇರೆ ಕಾದಿರುತ್ತದೆ. ಮಂಜಿಗೆಂದು ಹಾಕಿದ ಲೈಟು, ಬ್ಲೋಯರ್ ತಮ್ಮ ಪಾಲನ್ನು ಕಿತ್ತುಕೊಳ್ಳುತ್ತವೆ. ಮೈಸೂರಿನ ರಿಂಗ್ ರಸ್ತೆಯಲ್ಲಿ ಚೆನ್ನಾಗಿಯೇ ಓಡುವ ಗಾಡಿ ಕಲ್ಹಟ್ಟಿಯಲ್ಲಿ ಕೈಕೊಡುವುದು ಇದಕ್ಕೇ.

ಎಥೆನಾಲ್ ಕೂಡ ಇದಕ್ಕೆ ಸೇರಿಕೊಂಡಿದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಯಿತು. ಅಷ್ಟೇ ಗಾಳಿಯನ್ನು ಉರಿಸಲು ಶುದ್ಧ ಪೆಟ್ರೋಲಿಗಿಂತ ಇದು ನೂರಕ್ಕೆ ಏಳೆಂಟು ಪಾಲು ಹೆಚ್ಚು ಬೇಕು. ಆ ಹೆಚ್ಚುವರಿಯನ್ನೂ ತಳ್ಳಬೇಕಾದ್ದು ಅದೇ ಹಳೆಯ ಪಂಪ್.

ಪೆಟ್ರೋಲ್ ಕಮ್ಮಿಯಾದರೆ ಗಾಡಿ ನಿಲ್ಲುತ್ತದೆ, ಅಷ್ಟೇ ತಾನೆ ಎನ್ನಬೇಡಿ. ಟರ್ಬೊ ಗಾಳಿ ತುಂಬುತ್ತಿರುವಾಗ ಪೆಟ್ರೋಲ್ ಸಾಲದಿದ್ದರೆ ಒಳಗಿನ ಉರಿ ಹದ ತಪ್ಪುತ್ತದೆ. ಎಂಜಿನ್ ಟಕಟಕ ಎಂದು ಬಡಿಯುತ್ತದೆ. ಹಾಗೇ ಒತ್ತುತ್ತ ಹೋದರೆ ಪಿಸ್ಟನ್ ಕರಗಿ ಎಂಜಿನ್ನೇ ಮುಗಿಯಬಹುದು. ಆ ಸಂಜೆ ಗಾಡಿ ನಿಂತದ್ದೇ ನಮ್ಮ ಪುಣ್ಯ.

ದೊಡ್ಡ ಪಂಪ್ ತಂದ ಫಜೀತಿ

ಷಡ್ಡಕ ಕಾರನ್ನು ಒಂದು ಅಂಗಡಿಗೆ ಒಯ್ದ. ಅಂಗಡಿಯವರು ಪಂಪ್ ಹಳತಾಗಿದೆ, ಟರ್ಬೊ ಗಾಡಿಗೆ ದೊಡ್ಡದೇ ಬೇಕು ಎಂದು ಗಂಟೆಗೆ 255 ಲೀಟರ್ ತಳ್ಳುವ ಪಂಪ್ ಕೂರಿಸಿದರು. ವೈರ್ ಮಾತ್ರ ಹಳೆಯದೇ. ಮೀಟರ್ ಹಿಡಿದು ನೋಡಿದವರು ಯಾರೂ ಇಲ್ಲ.

ಮೂರು ವಾರ ಗಾಡಿ ಜುಮ್ಮೆಂದು ಓಡಿತು. ಮುಂದಿನ ತಪಾಸಣೆ ಮುಗಿಸಿ ಈ ಬಾರಿ ಗೂಡಲೂರು ಕಡೆಯಿಂದ ಬರುವಾಗ, ನಡುವಟ್ಟಂ ಏರಿನಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಎಂಜಿನ್ ಆಫ್! ಕೀ ಆನ್ ಮಾಡಿದರೆ ‘ಝುಂಯ್’ ಸದ್ದೇ ಇಲ್ಲ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮೊದಲ ಸಲ ಸುಸ್ತಾಗಿದ್ದ ಗಾಡಿ ಈ ಸಲ ಸ್ತಬ್ಧವಾಗಿತ್ತು. ಅತ್ತೆಯನ್ನು ಹಿಂದೆ ಬಂದ ಜೀಪಿನಲ್ಲಿ ಕಳಿಸಿ, ಕಾರನ್ನು ಹಗ್ಗ ಕಟ್ಟಿ ಎಳೆಸಬೇಕಾಯಿತು.

ವಾಣಿಜ್ಯ ಓದಿದವನ ತಲೆಗೆ ಹೊಳೆಯುವುದು ಲೆಕ್ಕವೇ. ಸುಮಾರು 120 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಪೂರ್ತಿ ಜೋರಿನಲ್ಲಿ ದುಡಿದರೂ ಗಂಟೆಗೆ ಕುಡಿಯುವುದು 40 ಲೀಟರ್ ಆಸುಪಾಸು. ಅದಕ್ಕೆ 255 ಲೀಟರಿನ ಪಂಪ್ ಯಾಕೆ? ಉಳಿದ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ? ಸುತ್ತು ಹಾಕಿ ಟ್ಯಾಂಕಿಗೇ ಮರಳುತ್ತದೆ, ಮರಳುವಾಗ ಬಿಸಿಯನ್ನೂ ಹೊತ್ತು ತರುತ್ತದೆ. ಮರಳುವ ಪೈಪ್ ಸಣ್ಣದಿದ್ದರೆ ಒತ್ತಡವೇ ಏರಿ ಪೆಟ್ರೋಲ್ ಬೇಡದ ಕಡೆಯೂ ಸುರಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ದೊಡ್ಡ ಪಂಪ್ ಎಂದರೆ ದೊಡ್ಡ ಕರೆಂಟ್.

ವೋಲ್ಟಿನ ಜಮಾ-ಖರ್ಚು

ಕೊನೆಗೆ ಸಿಕ್ಕವರು ಊಟಿಯ ಒಬ್ಬ ಹಿರಿಯ ಆಟೊ ಎಲೆಕ್ಟ್ರಿಷಿಯನ್. ಬಿಡಿಭಾಗ ಕೊಳ್ಳುವ ಮಾತೇ ಆಡಲಿಲ್ಲ. ಕೆಲವೇ ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ತೆಗೆದರು. ಸುಟ್ಟ ಫ್ಯೂಸ್ ಹಿಡಿಯನ್ನು ತಾತ್ಕಾಲಿಕವಾಗಿ ಸರಿಮಾಡಿ ಎಂಜಿನ್ ಚಾಲೂ ಮಾಡಿಸಿದರು. ಲೈಟು, ಬ್ಲೋಯರ್ ಕೂಡ ಹಾಕಿಸಿದರು.

ಬ್ಯಾಟರಿಯ ಬಳಿ 14 ವೋಲ್ಟ್. ಪಂಪಿನ ಬಾಯಲ್ಲಿ 10.6. ಅಂದರೆ 3.4 ವೋಲ್ಟ್ ದಾರಿಯಲ್ಲೇ ಮಾಯ!

ಎಲ್ಲಿ ಮಾಯ ಎನ್ನುವುದಕ್ಕೂ ದಾರಿಯಿದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಪಂಪಿನ ಪ್ಲಸ್ಸಿಗೆ ಇಟ್ಟರು: 2.6 ವೋಲ್ಟ್. ಪಂಪಿನ ಮೈನಸ್ಸಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ: 0.8. ಎರಡೂ ಕೂಡಿದರೆ 3.4. ಖಾತೆ ತಾಳೆಯಾಯಿತು. ಅರ್ಧ ವೋಲ್ಟಿನೊಳಗಿನ ನಷ್ಟವಾದರೆ ಚಿಂತೆಯಿಲ್ಲ, ಒಂದನ್ನು ದಾಟಿದರೆ ಹುಡುಕಲೇಬೇಕು.

ಪಂಪ್ ಎಳೆಯುತ್ತಿದ್ದದ್ದು 11 ಆಂಪಿಯರ್. 3.4 ವೋಲ್ಟ್ ಎಂದರೆ ಹೆಚ್ಚುಕಮ್ಮಿ 37 ವ್ಯಾಟ್ ಬರೀ ಶಾಖವಾಗಿ ಸುರಿಯುತ್ತಿತ್ತು. ಬಹುಪಾಲು ಒಂದೆರಡು ಸಡಿಲ ಜೋಡಣೆಗಳಲ್ಲೇ. ಪ್ಲಾಸ್ಟಿಕ್ ಸುಡದೆ ಇನ್ನೇನಾದೀತು?

ಸ್ಟೀರಿಂಗಿನ ಕೆಳಗೆ ಕೈಹಾಕಿದಾಗ ಕಳ್ಳ ಸಿಕ್ಕಿಬಿದ್ದ. ಕಾರು ಸೆಕೆಂಡ್ ಹ್ಯಾಂಡ್. ಹಿಂದಿನ ಯಜಮಾನರು ಎಂದೋ ಕಳ್ಳತನ ತಡೆಯುವ ಅಲಾರಂ ಹಾಕಿಸಿದ್ದರು. ಪಂಪಿನ ವೈರನ್ನೇ ಕತ್ತರಿಸಿ, ಅಲಾರಂ ಪೆಟ್ಟಿಗೆಯ ಮೂಲಕ ಹಾಯಿಸಿ, ತುದಿಗಳನ್ನು ಹೊಸೆದು ಟೇಪ್ ಸುತ್ತಿದ್ದರು. ಊಟಿಯ ತೇವಕ್ಕೆ ತಾಮ್ರ ಹಸಿರುಗಟ್ಟಿತ್ತು. ಕಾರನ್ನು ಕಳ್ಳರಿಂದ ಕಾಯಲು ಬಂದದ್ದೇ ದಿನವೂ ವೋಲ್ಟ್ ಕದಿಯುತ್ತಿತ್ತು! ಆ ಗಂಟು ಕಿತ್ತು ವೈರನ್ನು ಸರಿಯಾಗಿ ಜೋಡಿಸಿದ ಮೇಲೆ ಪಂಪಿಗೆ 12.1 ವೋಲ್ಟ್ ಬಂತು.

ಹೊಸ ವೈರ್ ಹೇಗೆ?

ಉಳಿದ ನಷ್ಟ ಉದ್ದನೆಯ ಸಣ್ಣ ವೈರಿನದು, ತುಕ್ಕು ಹಿಡಿದ ಅರ್ಥ್‌ನದು. 1 ಚದರ ಮಿಲಿಮೀಟರಿನ ತಾಮ್ರದ ವೈರ್ 5 ಮೀಟರ್ ಉದ್ದವಿದ್ದು 11 ಆಂಪಿಯರ್ ಹರಿದರೆ ಸುಮಾರು 1 ವೋಲ್ಟ್ ನಷ್ಟ. ಅದೇ 4 ಚದರ ಮಿಲಿಮೀಟರಿನದಾದರೆ ಕಾಲು ವೋಲ್ಟ್.

ಕೆಲಸ ನಡೆದ ಕ್ರಮ ಹೀಗೆ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ದಪ್ಪ ವೈರ್. ಬ್ಯಾಟರಿಗೆ ಅಂಟಿಕೊಂಡಂತೆಯೇ ಒಂದು ಫ್ಯೂಸ್. ದೂರದಲ್ಲಿಟ್ಟರೆ ನಡುವಿನ ವೈರ್ ಎಲ್ಲಾದರೂ ಬಾಡಿಗೆ ತಗುಲಿದಾಗ ಕಾಪಾಡುವವರು ಯಾರೂ ಇರುವುದಿಲ್ಲ. ಅಲ್ಲಿಂದ ಹಿಂದಕ್ಕೆ, ಹಿಂದಿನ ಸೀಟಿನ ಬಳಿ ಕೂರಿಸಿದ ರಿಲೇಯ 30ನೇ ಪಿನ್ನಿಗೆ. 87ನೇ ಪಿನ್ನಿನಿಂದ ಪಂಪಿನ ಪ್ಲಸ್ಸಿಗೆ. ಕಾರಿನ ಮೂಲ ಪಂಪ್ ವೈರನ್ನು ಬಿಸಾಡಲಿಲ್ಲ, 86ಕ್ಕೆ ಕೊಟ್ಟರು. 85 ಅರ್ಥ್‌ಗೆ. ಪಂಪಿನ ಮೈನಸ್ಸಿಗೂ ಅಷ್ಟೇ ದಪ್ಪದ ವೈರ್, ಬಣ್ಣ ಕೆರೆದು ಹೊಳಪು ಬರಿಸಿದ ಲೋಹಕ್ಕೆ ಬೋಲ್ಟ್ ಬಿಗಿದು.

ಈಗ ಹಳೆಯ ಸಣ್ಣ ವೈರಿನ ಕೆಲಸ ರಿಲೇಗೆ ಸನ್ನೆ ಕೊಡುವುದಷ್ಟೇ. ಭಾರ ಹೊರುವುದು ಹೊಸ ವೈರ್. ಮೀಟರ್ ತೋರಿಸಿದ್ದು 13.5 ವೋಲ್ಟ್.

ಸನ್ನೆಯ ವೈರನ್ನು ಉಳಿಸಿಕೊಳ್ಳುವುದು ಜೀವದ ಪ್ರಶ್ನೆ. ಅಪಘಾತದಲ್ಲಿ ಎಂಜಿನ್ ನಿಂತರೆ ಕಾರಿನ ಕಂಪ್ಯೂಟರ್ ಪಂಪನ್ನೂ ನಿಲ್ಲಿಸುತ್ತದೆ. ಕೆಲವರು ರಿಲೇಯ ರಗಳೆ ಬೇಡವೆಂದು ಬ್ಯಾಟರಿಯಿಂದ ನೇರ ಎಳೆದು ಒಂದು ಸ್ವಿಚ್ ಹಾಕಿಬಿಡುತ್ತಾರೆ. ಗಾಡಿ ಮಗುಚಿ ಪೈಪ್ ಹರಿದಾಗಲೂ ಆ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಒಳಗಿದ್ದವರ ಗತಿ?

ಮನೆಯ ವೈರಿಂಗಿಗೆ ತರುವ ವೈರನ್ನೂ ಇಲ್ಲಿ ಹಾಕಬಾರದು. ಎಂಜಿನ್ನಿನ ಕಾವು, ಎಣ್ಣೆ, ಅದುರಾಟ ತಡೆಯುವ ವಾಹನದ ವೈರೇ ಬೇಕು. ಟ್ಯಾಂಕಿನೊಳಗೆ ಹಾಕುವ ರಬ್ಬರ್ ಪೈಪ್ ಕೂಡ ಪೆಟ್ರೋಲಿನಲ್ಲಿ ಮುಳುಗಿರಲೆಂದೇ ಮಾಡಿದ್ದಾಗಿರಬೇಕು. ಸಾಧಾರಣ ಪೈಪ್ ಉಬ್ಬಿ ಬಿರಿಯುತ್ತದೆ.

ಕೊನೆಗೆ 255 ಲೀಟರಿನ ಪಂಪ್ ಬಿಚ್ಚಿಸಿ, ಕಂಪನಿಯ ಅಳತೆಯದೇ ಹೊಸದನ್ನು ಹಾಕಿಸಿದೆವು. ಟರ್ಬೊದ ಒತ್ತಡ ಹೆಚ್ಚಿಸಿ, ಇಂಜೆಕ್ಟರ್ ಬದಲಿಸಿ ಗಾಡಿಯ ಶಕ್ತಿ ಏರಿಸುವವರಿಗೆ ದೊಡ್ಡ ಪಂಪ್ ನಿಜವಾಗಿಯೂ ಬೇಕು. ಅಂಥವರು ವೈರ್, ಫ್ಯೂಸ್, ಒತ್ತಡದ ರೆಗ್ಯುಲೇಟರ್, ಮರಳುವ ಪೈಪ್ ನಾಲ್ಕನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಆಸ್ಪತ್ರೆಗೆ ಹೋಗಿ ಬರುವ ಮನೆಯ ಗಾಡಿಗೆ ಅದರ ಅಗತ್ಯವಿಲ್ಲ.

ಎಲ್ಲ ಕಾರಿಗೂ ಇದಲ್ಲ

ಈ ರಿಲೇ ಉಪಾಯ ಹೊಂದುವುದು ಪಂಪಿಗೆ ನೇರ 12 ವೋಲ್ಟ್ ಕೊಡುವ ಹಳೆಯ ಮಾದರಿಗಳಿಗೆ. ಈಚಿನ ಹಲವು ಗಾಡಿಗಳಲ್ಲಿ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಕರೆಂಟನ್ನು ತುಂಡು ತುಂಡಾಗಿ ಕಳಿಸಿ ಪಂಪಿನ ವೇಗ ಹಿಡಿಯುತ್ತದೆ. ಅಲ್ಲಿ ರಿಲೇ ಹಾಕಿದರೆ ಪಟಪಟ ಎಂದು ಬಡಿದು ಹಾಳಾದೀತು. 2013ರ ಪೋಲೊ ಜಿಟಿ ಟಿಎಸ್‌ಐ, ಇಕೊಸ್ಪೋರ್ಟ್ ಇಕೊಬೂಸ್ಟ್, 2017ರ ಬಲೆನೊ ಆರ್‌ಎಸ್‌ನಂಥ ಗಾಡಿಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಹೋಗುತ್ತದೆ. ಟ್ಯಾಂಕಿನ ಪಂಪ್ ಜೊತೆಗೆ ಎಂಜಿನ್ ತಿರುಗಿಸುವ ಇನ್ನೊಂದು ಭಾರೀ ಒತ್ತಡದ ಪಂಪ್ ಇರುತ್ತದೆ. ಅದಕ್ಕೆ ರಸ್ತೆ ಬದಿಯವರ ಕೈ ಸೋಕದಿರುವುದೇ ಮೇಲು. ಆದರೆ ವೋಲ್ಟ್ ಅಳೆಯುವುದು, ಅರ್ಥ್ ಕೆರೆಯುವುದು, ಹಳೆಯ ಅಲಾರಮಿನ ಗಂಟು ಹುಡುಕುವುದು ಎಲ್ಲ ಗಾಡಿಗೂ ಸಲ್ಲುತ್ತದೆ.

ಕಾನೂನಿನ ಮಾತೂ ಒಂದಿಷ್ಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಖಚಿತಪಡಿಸಿತು. ಕೆಟ್ಟ ವೈರಿನ ದುರಸ್ತಿ ಬೇರೆ, ಎಂಜಿನ್ನಿನ ಶಕ್ತಿ ಏರಿಸುವುದು ಬೇರೆ. ಏನೇ ಮಾಡಿಸಿದರೂ ಬಿಲ್ ಇಟ್ಟುಕೊಳ್ಳಿ, ವಿಮೆ ಕಂಪನಿಗೆ ತಿಳಿಸಿಬಿಡಿ. ನಾಳೆ ಬೆಂಕಿ, ಅಪಘಾತ ಎಂದಾಗ ಮೊದಲು ಕೇಳುವುದು ಹೊರಗಿನ ವೈರಿನ ಬಗ್ಗೆಯೇ.

ಘಾಟಿಗೆ ಹೊರಡುವ ಮುನ್ನ

* ಕೀ ಆನ್ ಮಾಡಿ ಹಿಂದಿನ ‘ಝುಂಯ್’ ಸದ್ದು ಕೇಳಿ. ಸದ್ದು ಕ್ಷೀಣವಾಗಿದ್ದರೆ, ಕೀರಲಾಗಿದ್ದರೆ ಬಯಲಿನಲ್ಲೇ ತೋರಿಸಿ.

* ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ. ಪಂಪನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ. ರಿಸರ್ವಿನಲ್ಲಿ ಕಡಿದಾದ ತಿರುವು ಏರುವಾಗ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಹೀರಬಹುದು.

* ಏರಿನಲ್ಲಿ ಗಾಡಿ ಜಗ್ಗಿದರೆ ಆಕ್ಸಿಲರೇಟರ್ ಒತ್ತಬೇಡಿ. ಕಾಲು ಸಡಿಲಿಸಿ, ಬೇಡದ ಲೈಟು, ಎ.ಸಿ. ಆಫ್ ಮಾಡಿ, ನಿಧಾನಕ್ಕೆ ಸುರಕ್ಷಿತ ಜಾಗ ಸೇರಿ.

* ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ಹೆಚ್ಚಿನ ಆಂಪಿಯರಿನದು ಹಾಕಬೇಡಿ. ಫ್ಯೂಸ್ ಉಳಿಯುತ್ತದೆ, ಕಾರು ಉರಿಯುತ್ತದೆ.

* ಟ್ಯಾಂಕಿನ ಮುಚ್ಚಳ ತೆಗೆಯುವ ಕೆಲಸ ಬಯಲು ಗಾಳಿಯಲ್ಲಿ, ಬ್ಯಾಟರಿ ಬಿಚ್ಚಿ, ಪೈಪಿನ ಒತ್ತಡ ಇಳಿಸಿದ ಮೇಲೆ ಮಾತ್ರ. ಬೀಡಿ, ಬಲ್ಬ್, ಕಿಡಿ ಹತ್ತಿರ ಬೇಡ. ಅಭ್ಯಾಸವಿಲ್ಲದವರು ಕೈ ಹಾಕುವುದೇ ಬೇಡ.

ಅದಾದ ಮೇಲೆ ಎರಡು ಸಲ ಅತ್ತೆಯ ಮೈಸೂರು ಪ್ರಯಾಣ ಕಲ್ಹಟ್ಟಿ ದಾರಿಯಲ್ಲೇ ಆಯಿತು. 36 ತಿರುವುಗಳನ್ನೂ ಗಾಡಿ ಒಂದೇ ಉಸಿರಿನಲ್ಲಿ ಏರಿತು. ಸಾವಿರಾರು ರೂಪಾಯಿಯ ದೊಡ್ಡ ಪಂಪ್ ಈಗ ಷಡ್ಡಕನ ಮನೆಯ ಅಟ್ಟದ ಮೇಲಿದೆ. ಅದನ್ನು ಯಾರಿಗಾದರೂ ಮಾರಿಬಿಡು ಎಂದರೆ ಅವನು ಒಪ್ಪುವುದಿಲ್ಲ. ಮೀಟರ್ ಹಿಡಿಯದೆ ಕೊಳ್ಳಲು ಬರುವವರಿಗೆ ತೋರಿಸಲು ಅದು ಇರಲಿ ಎನ್ನುತ್ತಾನೆ.